ಸೊಂಟ ಮೂವತ್ತನಾಲ್ಕು

ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಿರಾಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು, ಎದೆ ಉಬ್ಬಿಸಿ, ಛಾವಣಿ ನೋಡುತ್ತ ನಿಲ್ಲುತ್ತಾರೆ. ವಾರದ ಮೇಲೆ ಬಂದು, ಬಟ್ಟೆ ಬಿಗಿಯಾಗಿದೆ, ನಿಮ್ಮದೇ ತಪ್ಪು ಎಂದು ನನ್ನ ಮೇಲೆ ಗೂಬೆ ಕೂರಿಸುತ್ತಾರೆ. ನಾನು ಮುಲಾಜು ನೋಡುವವಳಲ್ಲ. "ಉಸಿರು ಬಿಡಿ ಸ್ವಾಮಿ" ಎಂದು ಗದರಿಸಿಯೇ ಅಳೆಯುತ್ತೇನೆ. ಬೀದಿಯವರು ನನಗೆ ಕತ್ತರಿ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ನನಗೇನು.

ಇಂಥ ನಾನು ಒಬ್ಬ ಮನುಷ್ಯನಿಗೆ ಮಾತ್ರ ನಾಲ್ಕು ವರ್ಷ ಟೇಪೇ ಹಿಡಿಯದೆ ಪ್ಯಾಂಟು ಹೊಲಿದುಕೊಟ್ಟೆ. ಅವನು ನನ್ನ ಒಡಹುಟ್ಟಿದ ಅಣ್ಣ.

ಅಣ್ಣ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ, ಒಂದು ದಿನವೂ ತಡವಾಗಿ ಡಿಪೋ ಸೇರಿದವನಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ನನಗೆ ಮದುವೆಯಾಗಿಲ್ಲ, ನನ್ನ ಬಾಯಿಗೆ ಹೆದರಿ ಯಾರೂ ಬರಲಿಲ್ಲ ಎಂದು ಅಣ್ಣ ತಮಾಷೆ ಮಾಡುತ್ತಾನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಎರಡು ಹೊಲಿಗೆ ಮೆಷಿನ್, ನಡುವೆ ಆರಡಿ ಉದ್ದದ ಕಟಿಂಗ್ ಮೇಜು. ಎಡಗಡೆಯ ಮೆಷಿನ್ ಅತ್ತಿಗೆಯದು. ನಾಲ್ಕು ವರ್ಷದಿಂದ ಅದರ ಮೇಲೆ ಬಟ್ಟೆ ಹೊದಿಸಿದೆ.

ಅಂಗಡಿ ಕಟ್ಟಿದವಳು ಅತ್ತಿಗೆ. ನಾನು ಅವಳ ಕೈಕೆಳಗೆ ಕಲಿತವಳು. ಅಳತೆಯ ಪುಸ್ತಕ ಇಟ್ಟವಳೂ ಅವಳೇ, ಗಿರಾಕಿಗೊಂದು ಪುಟ, ಪ್ರತಿ ಸಲ ಅಳೆದಾಗ ತಾರೀಕು ಹಾಕಿ ಕೆಳಗೊಂದು ಸಾಲು. ಹಳೆಯ ಸಾಲನ್ನು ಹೊಡೆದು ಹಾಕುವಂತಿಲ್ಲ. ಅವಳ ಇನ್ನೊಂದು ಪದ್ಧತಿ ಹಳದಿ ದಾರ. ಶಾಲೆ ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಎರಡು ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟು, ಅದನ್ನು ಮಡಚಿ ಹಳದಿ ದಾರದಿಂದ ಉದ್ದುದ್ದ ಹೊಲಿಗೆ ಹಾಕಿಡುತ್ತಿದ್ದಳು. ಮಗು ಬೆಳೆದಾಗ ಆ ದಾರ ಬಿಚ್ಚಿದರಾಯಿತು, ಬಟ್ಟೆ ಇನ್ನೊಂದು ವರ್ಷಕ್ಕೆ ಬರುತ್ತದೆ. ಹಳದಿ ದಾರ ಕಂಡರೆ ಮುಂದೆ ಬಿಚ್ಚುವುದಿದೆ ಎಂದು ಅರ್ಥ. ನಾನು ಈಗಲೂ ಮಕ್ಕಳ ಬಟ್ಟೆಗೆ ಹಾಗೆಯೇ ಮಾಡುತ್ತೇನೆ.

ಅಣ್ಣನ ಬಟ್ಟೆಯನ್ನು ಮಾತ್ರ ಅತ್ತಿಗೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅಳೆಯುವುದು, ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಹಾಕುವುದು ಎಲ್ಲ ಅವಳದೇ. ಅವನ ಪುಟದಲ್ಲಿ ಅವಳ ದುಂಡು ಅಕ್ಷರದಲ್ಲಿ ಹನ್ನೊಂದು ಸಾಲುಗಳಿವೆ. ಎಲ್ಲದರಲ್ಲೂ ಸೊಂಟ ಮೂವತ್ತನಾಲ್ಕು. ಕೊನೆಯ ಸಾಲು ಬರೆಯುವಾಗ ಅವಳಿಗೆ ನಿಲ್ಲುವ ಶಕ್ತಿ ಇರಲಿಲ್ಲ. ಕುರ್ಚಿಯಲ್ಲಿ ಕುಳಿತೇ ಅವನ ಸೊಂಟಕ್ಕೆ ಟೇಪು ಸುತ್ತಿ, "ಮೂವತ್ತನಾಲ್ಕು. ಹೀಗೇ ಇರಿ" ಅಂದಳು. ಎರಡು ತಿಂಗಳಿಗೆ ಹೋಗಿಬಿಟ್ಟಳು.

ಆಮೇಲೆ ಡಿಪೋದಿಂದ ಹೊಸ ಸಮವಸ್ತ್ರದ ಬಟ್ಟೆ ಬಂದಾಗ ನಾನು ಟೇಪು ಹಿಡಿದು ಎದ್ದೆ. ಅಣ್ಣ ಕೈ ಅಡ್ಡ ಹಿಡಿದ. "ಪುಸ್ತಕದಲ್ಲಿ ಇದೆಯಲ್ಲ. ಅದನ್ನೇ ನೋಡಿ ಹೊಲಿ" ಅಂದ. ನನಗೂ ಅವಳ ಸಾಲಿನ ಕೆಳಗೆ ನನ್ನ ಕಾಗೆ ಕಾಲಿನ ಅಕ್ಷರ ಬರೆಯಲು ಮನಸ್ಸು ಬರಲಿಲ್ಲ. ಪುಸ್ತಕ ನೋಡಿ ಹೊಲಿದೆ. ಅಂದಿನಿಂದ ಮೊನ್ನೆಮೊನ್ನೆಯವರೆಗೂ ಹಾಗೆಯೇ ಹೊಲಿದೆ.

ವಿಷಯ ಹೊರಬಿದ್ದದ್ದು ಜೇಬಿನಿಂದ. ಅಣ್ಣನ ಪ್ಯಾಂಟಿನ ಜೇಬು ಹರಿದಿತ್ತು. ಹೊಲಿಯಲೆಂದು ಒಳಮೈ ಹೊರಗೆಳೆದರೆ ಮೂಲೆಯಲ್ಲಿ ಗುಲಾಬಿ ಬಣ್ಣದ ಪುಡಿ. ಮೊದಲು ನಮ್ಮ ಗೆರೆ ಎಳೆಯುವ ಸುಣ್ಣದ ಬಿಲ್ಲೆ ಅಂದುಕೊಂಡೆ. ನಮ್ಮದು ಬಿಳಿ ಮತ್ತು ನೀಲಿ, ಗುಲಾಬಿ ಎಲ್ಲಿಂದ ಬರಬೇಕು? ಮೂಸಿ ನೋಡಿದೆ, ಪುದೀನ ವಾಸನೆ. ಇನ್ನೊಂದು ಪ್ಯಾಂಟಿನ ಜೇಬಿನಲ್ಲೂ ಅದೇ ಪುಡಿ, ಜೊತೆಗೆ ಖಾಲಿ ಮಾತ್ರೆಯ ಹಾಳೆಗಳು, ಒಂದಲ್ಲ, ಏಳು.

"ಏನಿದು?" ಅಂದೆ.

"ಗ್ಯಾಸಿಗೆ. ಯಾರು ತಿನ್ನಲ್ಲ ಹೇಳು" ಅಂದು ಪೇಪರು ಮುಖಕ್ಕೆ ಅಡ್ಡ ಹಿಡಿದ.

ಮರುದಿನವೇ ಅವನ ಕಂಡಕ್ಟರ್ ಬಂದ. ಗುಂಡಿ ಹಾಕಿಸಿಕೊಳ್ಳುವ ನೆಪ. ಷರ್ಟು ಮೇಜಿನ ಮೇಲಿಟ್ಟು, ಅಣ್ಣ ಒಳಗಿಲ್ಲ ಎಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

"ಅಕ್ಕಾ, ನಾನು ಹೇಳಿದೆ ಅಂತ ಹೇಳಬೇಡಿ. ನಿನ್ನೆ ಸೇತುವೆ ದಾಟಿದ ಮೇಲೆ ಗಾಡಿ ಸೈಡಿಗೆ ಹಾಕಿಬಿಟ್ರು. ಎದೆ ಹಿಡ್ಕೊಂಡು ಐದು ನಿಮಿಷ ಕೂತಿದ್ರು. ಮುಖ ಬಿಳಿಚಿಕೊಂಡಿತ್ತು. ಇದು ಮೂರನೇ ಸಲ."

ಅವನ ಗುಂಡಿಯನ್ನು ಎಲ್ಲಿ ಹೊಲಿದೆನೋ ದೇವರೇ ಬಲ್ಲ.

ಮಧ್ಯಾಹ್ನ ಅಣ್ಣ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ, ನಾನು ಎಗರಿಬಿದ್ದೆ. ಅವನು ಕೂಗಾಡಲಿಲ್ಲ. ಬಾಗಿಲು ಮುಂದಕ್ಕೆ ಹಾಕಿ ಕುಳಿತ.

"ಇನ್ನು ಮೂರು ವಾರಕ್ಕೆ ಡಿಪೋದ ಮೆಡಿಕಲ್ ಟೆಸ್ಟ್ ಇದೆ. ಈಗ ಡಾಕ್ಟರ್ ಹತ್ತಿರ ಹೋದ್ರೆ ಹಾರ್ಟ್ ಅಂತ ಬರೆದುಬಿಡ್ತಾರೆ. ಬರೆದ್ರೆ ಮುಗೀತು, ಸ್ಟೀರಿಂಗ್ ಮುಟ್ಟೋಕೆ ಬಿಡಲ್ಲ. ಡಿಪೋದಲ್ಲಿ ಟೈರ್ ಎಣಿಸ್ಕೊಂಡು ಕೂರಬೇಕು. ಅದೊಂದೇ ಉಳಿದಿರೋದು ಕಣೇ ನನಗೆ."

ಆದರೂ ಹೇಳಬೇಕಾದ್ದನ್ನು ಹೇಳಿಯೇಬಿಟ್ಟೆ. "ನಿನ್ನ ಬೆನ್ನ ಹಿಂದೆ ಐವತ್ತು ಜನ ಕೂತಿರ್ತಾರೆ ಅಣ್ಣ. ಅವರಿಗೂ ಮನೆ ಮಠ ಇದೆ."

ಅವನು ಎದ್ದು ಬೂಟಿನ ದಾರ ಬಿಗಿದುಕೊಂಡು ನನ್ನ ಜೊತೆ ಡಾಕ್ಟರ್ ಹತ್ತಿರ ಹೊರಟ.

ಬೀದಿ ತುದಿಯ ಕ್ಲಿನಿಕ್ಕಿನ ಡಾಕ್ಟರಮ್ಮ ನನ್ನ ಗಿರಾಕಿಯೇ. ಅವರ ಬಿಳಿ ಕೋಟುಗಳನ್ನು ಹೊಲಿಯುವವಳು ನಾನು. ಐವತ್ತೆರಡು ವರ್ಷದ ಗಂಡಸು ಎದೆ ಉರಿ ಎಂದ ತಕ್ಷಣ ಅವರು ಬೇರೆ ಮಾತೇ ಆಡಲಿಲ್ಲ. ಮೊದಲು ಇಸಿಜಿ, ಆಮೇಲೆ ರಕ್ತ, ಮರುದಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ನಡೆಸಿ ಪರೀಕ್ಷೆ. ಆ ಎರಡು ದಿನ ನಾನು ಹೊಲಿದದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಮೂರನೆಯ ದಿನ ಡಾಕ್ಟರಮ್ಮ ಕಾಗದಗಳನ್ನೆಲ್ಲ ನೋಡಿ, "ಹಾರ್ಟ್ ಚೆನ್ನಾಗಿದೆ" ಅಂದರು. ನಾನು ಅಲ್ಲೇ ಗಳಗಳ ಅತ್ತೆ. ಅಣ್ಣ ನನ್ನನ್ನು ನೋಡಿ ನಾಚಿಕೊಂಡ.

"ಈಗ ಹೇಳಿ, ಬೆಳಿಗ್ಗೆ ಏನು ತಿಂತೀರಿ?"

"ಏನೂ ಇಲ್ಲ ಮೇಡಂ. ನಾಲ್ಕಕ್ಕೆ ಎದ್ದು ಐದಕ್ಕೆ ಡ್ಯೂಟಿ."

"ಅವನು ತಿನ್ನಲ್ಲ ಡಾಕ್ಟ್ರೇ. ನಾನು ಡಬ್ಬಿಗೆ ಹಾಕಿಕೊಟ್ರೂ ಹಾಗೇ ವಾಪಸ್ ತರ್ತಾನೆ. ಬರೀ ಟೀ ಕುಡೀತಾನೆ. ಸ್ಟ್ಯಾಂಡಿಗೊಂದು ಟೀ."

"ಅಕ್ಕಾ, ಅವರೇ ಹೇಳಲಿ. ಊಟ ಎಷ್ಟು ಹೊತ್ತಿಗೆ?"

"ಎರಡೂವರೆಗೆ. ಹಸಿವಿರುತ್ತೆ, ಸ್ವಲ್ಪ ಜಾಸ್ತೀನೇ ಊಟ ಆಗುತ್ತೆ. ಆಮೇಲೆ ಒಂದು ಗಂಟೆ ಮಲಗ್ತೀನಿ."

"ಎಲ್ಲಿ ಗೊತ್ತಾ? ನನ್ನ ಕಟಿಂಗ್ ಮೇಜಿನ ಮೇಲೆ, ಅಂಗಾತ. ಕೈ ತೊಳೆದ ನೀರು ಆರಿರಲ್ಲ, ಅಷ್ಟರಲ್ಲಿ ಗೊರಕೆ."

ನಿದ್ದೆ ಬರುವಾಗಲೇ ಹುಳಿ ಗಂಟಲಿಗೆ ಬರುತ್ತದೆಯೇ ಎಂದು ಅವರು ಕೇಳಿದರು. ಹೌದು ಎಂದ. ಬೇರೆ ಮಾತ್ರೆ ಏನಾದರೂ? ಮಂಡಿ ನೋವಿಗೆ ದಿನಕ್ಕೆ ಎರಡು, ಬೆಳಿಗ್ಗೆ ಟೀ ಜೊತೆ ಎಂದ. ನನಗೆ ಅದೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇದ್ದೂ ಈ ಮನುಷ್ಯ ಏನೇನು ಬಚ್ಚಿಟ್ಟಿದ್ದ! ಕೊನೆಗೆ ಡಾಕ್ಟರಮ್ಮ ಅವನನ್ನು ಮಂಚದ ಮೇಲೆ ಮಲಗಿಸಿ ಬೆಲ್ಟು ಬಿಚ್ಚಲು ಹೇಳಿದರು. ಸೊಂಟದ ಸುತ್ತ ಕೆಂಪು ಬರೆ. ಕೊಕ್ಕೆಯ ಗುರುತು ಹೊಕ್ಕುಳ ಕೆಳಗೆ ಅಚ್ಚೊತ್ತಿತ್ತು. ಡಾಕ್ಟರಮ್ಮ ಅದನ್ನು ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ದರ್ಜಿಯಾಗಿ ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ನಿಮ್ಮ ಭಾಷೇಲೇ ಹೇಳ್ತೀನಿ ಅಕ್ಕಾ. ಹೊಟ್ಟೆ ಒಂದು ಚೀಲ, ಅದರ ಬಾಯಿಗೆ ಒಂದು ಲಾಡಿ ಇದೆ ಅಂದ್ಕೊಳ್ಳಿ. ಅನ್ನ ಇಳಿಯೋವಾಗ ಸಡಿಲ ಆಗಬೇಕು, ಇಳಿದ ಮೇಲೆ ಬಿಗಿ ಆಗಬೇಕು. ಚೀಲಾನ ಬಾಯಿವರೆಗೂ ತುಂಬಿ, ಹೊರಗಿಂದ ಬಿಗಿಯಾಗಿ ಹಿಸುಕಿ, ಅಡ್ಡ ಮಲಗಿಸಿದ್ರೆ ಒಳಗಿರೋ ಹುಳಿ ಎಲ್ಲಿಗೆ ಹೋಗಬೇಕು? ಮೇಲಕ್ಕೇ ಬರುತ್ತೆ. ಎದೇಲಿ ಉರಿಯೋದು ಅದು. ಖಾಲಿ ಹೊಟ್ಟೆಗೆ ನೋವಿನ ಮಾತ್ರೆ, ಟೀ ಎಲ್ಲ ಸೇರಿ ಇನ್ನಷ್ಟು ಕೆರಳಿಸಿದೆ. ಆ ಗುಲಾಬಿ ಮಾತ್ರೆ ಮೇಲಿಂದ ನೀರು ಚಿಮುಕಿಸಿದ ಹಾಗೆ, ಅಷ್ಟೇ."

ಮಂಡಿಗೆ ಬೇರೆ ಔಷಧಿ ಕೊಟ್ಟರು. ಹೊಟ್ಟೆಗೆ ಕೆಲವು ವಾರದ ಮಾತ್ರೆ ಬರೆದರು. ಬೆಳಿಗ್ಗೆ ತುಸು ತಿಂದೇ ಹೊರಡಬೇಕು, ಮಧ್ಯಾಹ್ನ ಅರ್ಧ ಊಟ, ಉಂಡ ಮೇಲೆ ಮೂರು ಗಂಟೆ ಮಲಗಬಾರದು, ಮಂಚದ ತಲೆಭಾಗ ಎತ್ತರಿಸಬೇಕು, ಪ್ಯಾಂಟು ಸಡಿಲ ಮಾಡಿಸಬೇಕು. ತೂಕವನ್ನು ನಿಧಾನವಾಗಿ ಇಳಿಸೋಣ, ಉಪವಾಸದಿಂದ ಅಲ್ಲ ಎಂದರು. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ಎದೆ ನೋವು ಕೈಗೆ ಹಬ್ಬಿದರೆ ಆ ಕ್ಷಣವೇ ಬರಬೇಕೆಂದೂ ಹೇಳಿದರು. ಮೆಡಿಕಲ್ ಬಗ್ಗೆ ಕೇಳಿದ್ದಕ್ಕೆ, "ಕಾಗದ ಬರೆದುಕೊಡ್ತೀನಿ. ಆದ್ರೆ ಅಷ್ಟರಲ್ಲಿ ಉರಿ ನಿಲ್ಲಬೇಕು. ನಿಲ್ಲದೆ ಇದ್ರೆ ಗಾಡಿ ಓಡಿಸಿ ಅಂತ ನಾನೂ ಹೇಳಲ್ಲ" ಅಂದರು.

ಅಣ್ಣ ಹೇಳಿದ್ದೆಲ್ಲ ಮಾಡಿದ. ಮಂಚದ ತಲೆಭಾಗದ ಕಾಲುಗಳಿಗೆ ಇಟ್ಟಿಗೆ ಕೊಟ್ಟ. ಮೊದಲ ರಾತ್ರಿ ಜಾರಿ ಜಾರಿ ಕಾಲ ಬುಡಕ್ಕೆ ಬಂದು ಬಿದ್ದಿದ್ದನಂತೆ. ಬೆಳಿಗ್ಗೆ ಬಾಳೆಹಣ್ಣು, ಬ್ರೆಡ್ಡು. ಮಧ್ಯಾಹ್ನ ಉಂಡ ಮೇಲೆ ಮೇಜಿನ ಮೇಲೆ ಮಲಗದೆ ಮೇಜಿನ ಸುತ್ತ ಸುತ್ತುತ್ತಿದ್ದ. ಬಟ್ಟೆ ಕತ್ತರಿಸುವ ನನಗೆ ತಲೆ ತಿರುಗಿ, "ಬೀದಿಗೆ ಹೋಗಿ ಸುತ್ತು ಮಾರಾಯ" ಎಂದು ಅಟ್ಟುತ್ತಿದ್ದೆ. ಉರಿ ಅರ್ಧಕ್ಕರ್ಧ ಇಳಿಯಿತು. ಆದರೆ ಬಸ್ಸಿನಲ್ಲಿ ಕುಳಿತು ಗಂಟೆಯಾದರೆ ಮತ್ತೆ ಎದ್ದುಬರುತ್ತಿತ್ತು. ಕಾರಣ ನನಗೂ ಗೊತ್ತು, ಅವನಿಗೂ ಗೊತ್ತು. ಪ್ಯಾಂಟು ಸಡಿಲ ಮಾಡಿಸಲು ಮಾತ್ರ ಅವನು ಸುತರಾಂ ಒಪ್ಪಲಿಲ್ಲ.

ಮೆಡಿಕಲ್ಲಿಗೆ ಏಳು ದಿನ ಇದ್ದಾಗ ನನ್ನ ತಾಳ್ಮೆ ಕಿತ್ತುಹೋಯಿತು. ಟೇಪು ಕೊರಳಿಗೆ ಹಾಕಿಕೊಂಡು ಅವನೆದುರು ನಿಂತೆ.

"ಎದ್ದು ನಿಲ್ಲು. ಅಳತೆ ತಗೋತೀನಿ."

"ಪುಸ್ತಕದಲ್ಲಿದೆ."

"ಪುಸ್ತಕ ಉರಿಯಲ್ಲ, ನಿನ್ನ ಎದೆ ಉರಿಯೋದು! ಅವಳು ಹೀಗೇ ಇರಿ ಅಂದಿದ್ದು ನಿನ್ನನ್ನ ಬಿಗಿದು ಸಾಯಿಸೋಕಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಣ್ಣ ಕಣ್ಣೆತ್ತಲಿಲ್ಲ. ಗೋಡೆಗೆ ಹೇಳುವವನ ಹಾಗೆ ಹೇಳಿದ. "ಅವಳಿದ್ದಾಗ ಮೂವತ್ತನಾಲ್ಕು ಇದ್ದೆ. ಅವಳು ಹೋದ ಮೇಲೆ ನಾನು ದಪ್ಪ ಆಗಿದೀನಿ. ಹೆಂಡತಿ ಸತ್ತ ಮೇಲೆ ಯಾರಾದ್ರೂ ದಪ್ಪ ಆಗ್ತಾರೇನೇ? ಬೆಳಿಗ್ಗೆ ತಿಂಡಿ ಬಿಟ್ಟೆ, ಆದ್ರೂ ಇಳೀಲಿಲ್ಲ. ಅವಳ ಸಾಲಿನ ಕೆಳಗೆ ಬೇರೆ ನಂಬರು ಬರೆದ್ರೆ, ಅವಳಿಲ್ಲದೆ ಚೆನ್ನಾಗಿದೀನಿ ಅಂತ ಬರೆದ ಹಾಗೆ."

ನಾಲ್ಕು ವರ್ಷ ಬೆಳಗಿನ ಡಬ್ಬಿ ತುಂಬಿದ ಹಾಗೆಯೇ ವಾಪಸು ಬಂದದ್ದು ಯಾಕೆಂದು ನನಗೆ ಆಗ ತಿಳಿಯಿತು. ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ. ಎರಡು ದಿನ ನಮ್ಮ ನಡುವೆ ಊಟಕ್ಕೆ ಬಾ, ಬಂದೆ ಎಂಬಷ್ಟೇ ಮಾತು.

ಮೂರನೆಯ ದಿನ ಅಣ್ಣ ತನ್ನ ಟ್ರಂಕು ತೆಗೆದು ಒಂದು ಪ್ಯಾಂಟು ತಂದು ಮೇಜಿನ ಮೇಲಿಟ್ಟ. ಅತ್ತಿಗೆ ಕೊನೆಯದಾಗಿ ಹೊಲಿದದ್ದು. ಅವಳು ಹೋದ ಮೇಲೆ ಅವನು ಅದನ್ನು ತೊಟ್ಟೇ ಇರಲಿಲ್ಲ.

"ಮೆಡಿಕಲ್ಲಿಗೆ ಇದನ್ನೇ ಹಾಕ್ಕೊಂಡು ಹೋಗ್ತೀನಿ. ಕೊಕ್ಕೆ ಸಡಿಲ ಆಗಿದೆ, ಸರಿ ಮಾಡಿಡು" ಎಂದು ಡ್ಯೂಟಿಗೆ ಹೋದ.

ಕೊಕ್ಕೆ ಹೊಲಿಯಲು ಸೊಂಟದ ಪಟ್ಟಿಯನ್ನು ಒಳಮೈ ತಿರುಗಿಸಿದೆ. ಹಿಂಭಾಗದ ನಡುಹೊಲಿಗೆಯ ಎರಡೂ ಕಡೆ ಬಟ್ಟೆ ದಪ್ಪಗೆ ಮಡಚಿತ್ತು. ಮಡಿಕೆಯ ಉದ್ದಕ್ಕೂ ಹಳದಿ ದಾರ.

ಮಗುವಿನ ಬಟ್ಟೆಯನ್ನು ತಪ್ಪಿ ಕೈಗೆತ್ತಿಕೊಂಡೆನೇನೋ ಎಂದು ಒಂದು ಕ್ಷಣ ಮುಂದೆ ಹಿಂದೆ ತಿರುಗಿಸಿ ನೋಡಿದೆ. ಮಡಿಕೆ ಅಳೆದೆ, ಆ ಕಡೆ ಎರಡು ಇಂಚು, ಈ ಕಡೆ ಎರಡು ಇಂಚು. ಆಮೇಲೆ ಅದೇನು ಹೊಳೆಯಿತೋ, ಪ್ಯಾಂಟನ್ನು ಮೇಜಿನ ಮೇಲೆ ಹರಡಿ ಸೊಂಟದ ಪಟ್ಟಿಗೆ ಟೇಪು ಹಿಡಿದೆ. ಮೂವತ್ತಾರು. ಟೇಪು ತಿರುವಿ ಇನ್ನೊಂದು ತುದಿಯಿಂದ ಅಳೆದೆ. ಮೂವತ್ತಾರೇ.

ಪುಸ್ತಕದಲ್ಲಿ ಮೂವತ್ತನಾಲ್ಕು ಬರೆದು ಬಟ್ಟೆಯಲ್ಲಿ ಮೂವತ್ತಾರು ಹೊಲಿದಿದ್ದಳು ಮಹಾತಾಯಿ! ಎಷ್ಟು ವರ್ಷದಿಂದ ಹೀಗೆ ಮಾಡಿದ್ದಳೋ. ಗಂಡ ಟೇಪಿನ ಮುಂದೆ ಉಸಿರು ಹಿಡಿದು ನಿಲ್ಲುತ್ತಿದ್ದ, ಅವನಿಗೆ ಬೇಕಾದ ನಂಬರನ್ನು ಅವಳು ಪುಸ್ತಕಕ್ಕೆ ಬರೆಯುತ್ತಿದ್ದಳು, ಅವನ ಮೈಗೆ ಬೇಕಾದ್ದನ್ನು ಬಟ್ಟೆಗೆ ಕೊಡುತ್ತಿದ್ದಳು. ಅವಳ ಕೈಕೆಳಗೆ ಇಪ್ಪತ್ತು ವರ್ಷ ಕಲಿತ ನಾನು ಎಂಥ ಪೆದ್ದಿ, ಪುಸ್ತಕವನ್ನೇ ನಂಬಿ ಕತ್ತರಿ ಆಡಿಸಿದೆ. ಅವಳ ಮೆಷಿನ್ನಿನ ಸ್ಟೂಲಿನ ಮೇಲೆ ಕುಳಿತು ಅವಳನ್ನು ಬಾಯಿತುಂಬ ಬೈದೆ. ಬೈಯುತ್ತ ಬೈಯುತ್ತ ಅಳು ಬಂತು.

ಅಣ್ಣ ಮನೆಗೆ ಬಂದಾಗ ಪ್ಯಾಂಟು ಒಳಮೈ ಹೊರಗಾಗಿ ಮೇಜಿನ ಮೇಲೇ ಇತ್ತು, ಟೇಪು ಪಕ್ಕದಲ್ಲಿತ್ತು.

"ನೀನೇ ಅಳೆದು ನೋಡು" ಅಂದೆ.

ಅವನಿಗೆ ಟೇಪು ಹಿಡಿಯಲು ಬರುವುದಿಲ್ಲ. ನಾನೇ ತುದಿ ಒತ್ತಿ ಹಿಡಿದೆ. ಅವನು ಎಳೆದು, ಬಗ್ಗಿ, ಕನ್ನಡಕ ಮೇಲೇರಿಸಿ ಓದಿದ. ಪುಸ್ತಕ ತೆಗೆದು ಅವಳ ಕೊನೆಯ ಸಾಲನ್ನು ತೋರಿಸಿದೆ. ತಾರೀಕನ್ನೂ ತೋರಿಸಿದೆ.

"ಅವಳಿದ್ದಾಗಲೇ ನೀನು ಮೂವತ್ತಾರು ಅಣ್ಣ. ನಲವತ್ತರವರೆಗೂ ಬಟ್ಟೆ ಬಿಟ್ಟಿದಾಳೆ. ನೀನು ದಪ್ಪ ಆಗ್ತೀಯ ಅಂತ ಅವಳಿಗೆ ಗೊತ್ತಿತ್ತು."

ಅವನು ಬೆರಳ ತುದಿಯಿಂದ ಹಳದಿ ದಾರವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದ.

"ಕಳ್ಳಿ" ಅಂದ. ನಕ್ಕ. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅವಳು ಹೋದ ದಿನವೂ ಅವನು ನನ್ನೆದುರು ಅತ್ತಿರಲಿಲ್ಲ. ನಾನು ಸಣ್ಣ ಕತ್ತರಿ ಅವನ ಕೈಗೆ ಕೊಟ್ಟೆ. ಆ ದೊಡ್ಡ ಕೈಯಲ್ಲಿ ಒಂದೊಂದೇ ಹೊಲಿಗೆ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ನಾನು ಬಾಯಿ ಹಾಕಲಿಲ್ಲ, ಅದೇ ಒಂದು ಪವಾಡ.

ಮೂವತ್ತೆಂಟೂವರೆಗೆ ಸಡಿಲಿಸಿದ ಆ ಪ್ಯಾಂಟನ್ನು ಅವನು ಮರುದಿನದಿಂದಲೇ ಡ್ಯೂಟಿಗೆ ಹಾಕಿಕೊಂಡು ಹೋದ. ಮಿಕ್ಕ ಪ್ಯಾಂಟುಗಳಲ್ಲಿ ಬಿಡಿಸಲು ಬಟ್ಟೆಯೇ ಇರಲಿಲ್ಲ, ನನ್ನ ಅಚ್ಚುಕಟ್ಟುತನಕ್ಕೆ ಬೆಂಕಿ ಬೀಳ. ರಾತ್ರಿ ಒಗೆದು, ಬೆಳಿಗ್ಗೆ ಇಸ್ತ್ರಿ ಹಾಕಿ ಮೂರು ದಿನವೂ ಅದನ್ನೇ ಕೊಟ್ಟೆ. ಮೂರನೆಯ ದಿನ ಕಂಡಕ್ಟರ್ ಬಾಗಿಲಲ್ಲಿ ತಲೆ ಹಾಕಿ, "ಅಕ್ಕಾ, ಇವತ್ತೂ ಗಾಡಿ ಎಲ್ಲೂ ನಿಲ್ಲಲಿಲ್ಲ" ಎಂದು ಹೇಳಿ ಓಡಿದ.

ಮೆಡಿಕಲ್ಲಿನಲ್ಲಿ ಎದೆ ನೋವು, ಉರಿ ಏನಾದರೂ ಇದೆಯೇ ಎಂದು ಕೇಳಿದರಂತೆ. ಇತ್ತು ಎಂದು ಎಲ್ಲವನ್ನೂ ಹೇಳಿ, ಡಾಕ್ಟರಮ್ಮನ ಕಾಗದ ಮುಂದಿಟ್ಟನಂತೆ. ಅವರು ತಮ್ಮ ಲೆಕ್ಕಕ್ಕೆ ಇನ್ನೊಮ್ಮೆ ಪರೀಕ್ಷೆ ಮಾಡಿ, ಆರು ತಿಂಗಳಿಗೆ ಮತ್ತೆ ಬಂದು ತೋರಿಸು ಎಂದು ಸಹಿ ಹಾಕಿದರು. ಅಣ್ಣನ ಸ್ಟೀರಿಂಗ್ ಅವನಿಗೇ ಉಳಿಯಿತು.

ಆ ಸಂಜೆ ಡಿಪೋದಿಂದ ಹೊಸ ಬಟ್ಟೆ ತಂದು ಮೇಜಿನ ಮೇಲಿಟ್ಟ. ನಾನು ಕೇಳುವ ಮೊದಲೇ ಎದುರಿಗೆ ಬಂದು ಎರಡೂ ಕೈ ಮೇಲೆತ್ತಿ ನಿಂತ. ಟೇಪು ಸುತ್ತಿದೆ. ಹಳೆಯ ಚಾಳಿ, ಹೊಟ್ಟೆ ಒಳಗೆ ಹೋಯಿತು.

"ಉಸಿರು ಬಿಡು ಅಣ್ಣ."

ಬಿಟ್ಟ. ಟೇಪಿನ ಕೆಳಗೆ ಹೊಟ್ಟೆ ಮೆಲ್ಲಗೆ ತನ್ನ ಜಾಗಕ್ಕೆ ಬಂತು. ಮೂವತ್ತೆಂಟು. ಪುಸ್ತಕ ತೆರೆದು ಪೆನ್ನು ಹಿಡಿದವಳು ಯಾಕೋ ಹಾಗೆಯೇ ನಿಂತೆ.

"ಬರಿ. ಅವಳ ಸಾಲಿನ ಕೆಳಗೇ ಬರಿ" ಅಂದ.

ತಾರೀಕು ಹಾಕಿ ಬರೆದೆ. ಅವನು ಊಟ ಮುಗಿಸಿ ಬೀದಿ ಸುತ್ತಲು ಹೋದ ಮೇಲೆ ಅತ್ತಿಗೆಯ ಮೆಷಿನ್ನಿನ ಹೊದಿಕೆ ತೆಗೆದು, ಎಣ್ಣೆ ಬಿಟ್ಟು, ಆ ಹೊಸ ಬಟ್ಟೆಯ ಪ್ಯಾಂಟನ್ನು ಅದರಲ್ಲೇ ಹೊಲಿದೆ. ಹಳದಿ ದಾರವನ್ನೂ ಸೂಜಿಗೆ ಪೋಣಿಸಿದೆ. ಒಳಗೆ ಎಷ್ಟು ಬಟ್ಟೆ ಬಿಟ್ಟೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.